ಸೋಸಬೇಡಿ, ಬಸಿಯಿರಿ

ಪುಣೆಯ ಬ್ರೂವರಿಯೊಂದರಲ್ಲಿ ಬಿಯರ್ ತಯಾರಿಸುವುದು ನನ್ನ ಕೆಲಸ. ಊರಿನ ನೆಂಟರು ಕೇಳುವುದು ‘ಇದಕ್ಕಾ ಅಷ್ಟು ಓದಿದ್ದು?’ ಎಂದು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಹೊರದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವ ತಮ್ಮಂದಿರ ಪ್ರಶ್ನೆ ಬೇರೆ: ‘ಅಣ್ಣಾ, ಬಾಟಲಿ ತುಂಬ ಹಸಿರು ಪುಡಿ. ಯಾವ ಜಾಲರಿ ತಗೊಳ್ಳಲಿ?’ ಇದಕ್ಕೆ ಉತ್ತರವಿದೆ. ಬಿಯರ್ ಹುದುಗಿದ ಮೇಲೆ ಯಾವ ಜಾಲರಿಯೂ ಬೇಡ.

ಪುಣೆಯಲ್ಲೇ ಇರುವ ನಮ್ಮವರಿಗೆ ಮೊದಲೇ ಒಂದು ಮಾತು. 2009ರಲ್ಲಿ ಡೂಲಾಲಿ ಶುರುವಾದ ಮೇಲೆ ಈ ಊರಿಗೆ ಕ್ರಾಫ್ಟ್ ಬಿಯರಿನ ರುಚಿ ಹತ್ತಿದ್ದು ನಿಜ. ಆದರೆ ಮಹಾರಾಷ್ಟ್ರದ 1949ರ ಪಾನನಿಷೇಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ 1978ರ ಕಾನೂನು ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ತನಕ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಬಿಟ್ಟಿದೆ. ಹಾಗಾಗಿ ಮುಂದಿನ ಮಾತು ಅಂಥ ಕಡೆ ಇರುವವರಿಗೆ.

ಹಾಪ್ಸ್ ಎಂಬುದು ಬಳ್ಳಿಯೊಂದರ ಹೂ. ಬಿಯರಿಗೆ ಕಹಿ, ಪರಿಮಳ ಎರಡೂ ಅದರದೇ. ಹೂವನ್ನು ಇಡಿಯಾಗಿ ಹಾಕಿದರೆ ತಳದಲ್ಲಿ ತಾನೇ ಜರಡಿಯಂತೆ ಕೂರುತ್ತದೆ. ಆದರೆ ಈಗ ಹೆಚ್ಚಿನವರು ಬಳಸುವುದು ಒಣಗಿಸಿ, ಪುಡಿ ಮಾಡಿ, ಒತ್ತಿದ ಗುಳಿಗೆ. ಬಿಸಿ ನೀರು ತಾಗಿದೊಡನೆ ಅದು ಮತ್ತೆ ಪುಡಿ. ಒರಟು ಜಾಲರಿ ಹಿಡಿದರೆ ಪುಡಿ ಜಾರಿಹೋಗುತ್ತದೆ, ನುಣುಪು ಜಾಲರಿ ಹಿಡಿದರೆ ಎರಡು ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ. ಆಗ ಚಮಚದಲ್ಲಿ ಕೆರೆಯಲು ಶುರು.

ಕುದಿಸಿ ಆರಿಸಿದ ಮಾಲ್ಟ್ ನೀರನ್ನು ಯೀಸ್ಟ್ ಹಾಕುವ ಮೊದಲು ಸೋಸಿದರೆ ನಷ್ಟವೇನಿಲ್ಲ. ಆಗ ಗಾಳಿ ಬೆರೆತಷ್ಟೂ ಯೀಸ್ಟಿಗೆ ಒಳ್ಳೆಯದೇ. ಹುದುಗಿ ಮುಗಿದ ಬಿಯರಿಗೆ ಮಾತ್ರ ಗಾಳಿಯೇ ಶತ್ರು. ಮುಚ್ಚಳ ತೆಗೆದು ಜಾಲರಿಯ ಮೂಲಕ ಸುರಿದರೆ ಪುಡಿ ಹೋಗುತ್ತದೆ, ಜತೆಗೆ ಹಾಪ್ಸಿನ ಪರಿಮಳವೂ. ಕೆಲವು ವಾರಕ್ಕೆ ಬಣ್ಣ ಕಂದಿ, ಒದ್ದೆ ರಟ್ಟಿನ ವಾಸನೆ. ಇಪ್ಪತ್ತು ಲೀಟರ್ ಬಿಯರ್, ಒಂದು ತಿಂಗಳ ಕಾಯುವಿಕೆ, ನೋಡಲು ತಿಳಿಯಾಗಿದೆ ಎಂಬ ಒಂದೇ ಸಮಾಧಾನ.

ಸೋಸುವುದು, ಬಸಿಯುವುದು ನಮ್ಮ ಅಡುಗೆಮನೆಯಲ್ಲಿ ಬೇರೆ ಬೇರೆ ಕೆಲಸ. ಬೇಳೆ ತಳಕ್ಕಿಳಿಯಲು ಬಿಟ್ಟು ಮೇಲಿನ ಕಟ್ಟನ್ನು ಬಸಿದುಕೊಳ್ಳುತ್ತೇವಲ್ಲ, ಬಿಯರಿಗೂ ಬೇಕಾಗಿರುವುದು ಅದೇ. ಒಲೆ ಆರಿಸಿದ ಮೇಲೆ ಉದ್ದ ಸೌಟಿನಿಂದ ಒಂದೇ ದಿಕ್ಕಿಗೆ ಜೋರಾಗಿ ಸುತ್ತಿಸಿ, ಮುಚ್ಚಿ, ಇಪ್ಪತ್ತು ನಿಮಿಷ ಮುಟ್ಟದೆ ಬಿಡಿ. ಚರಟವೆಲ್ಲ ಪಾತ್ರೆಯ ನಡುವೆ ಗುಡ್ಡೆಯಾಗುತ್ತದೆ. ಚಹಾ ಲೋಟದಲ್ಲಿ ಕಲಕಿದ ಸೊಪ್ಪು ಅಂಚಿಗೆ ಹೋಗದೆ ನಡುವಿಗೆ ಬರುವುದೂ ಹೀಗೆಯೇ. ತಳಕ್ಕೆ ಉಜ್ಜಿ ನಿಧಾನವಾದ ನೀರು ನಡುವಿನ ಕಡೆ ಹರಿಯುವುದೇ ಕಾರಣ ಎಂದು ಐನ್‌ಸ್ಟೈನ್ 1926ರಲ್ಲಿ ವಿವರಿಸಿದ್ದರು. ದೊಡ್ಡ ಬ್ರೂವರಿಗಳಲ್ಲೂ ನಡೆಯುವುದು ಇದೇ. ಪಕ್ಕದಿಂದ ತಿಳಿಯನ್ನು ಎಳೆದುಕೊಳ್ಳಿ, ಕೊನೆಯ ಒಂದೆರಡು ಲೀಟರಿಗೆ ಆಸೆ ಪಡಬೇಡಿ. ಈ ಜಿಪುಣತನವೇ ಅರ್ಧ ಪುಡಿಗೆ ಮೂಲ.

ಪರಿಮಳಕ್ಕೆಂದು ಹುದುಗಿದ ಮೇಲೆ ಹಾಕುವ ಹಾಪ್ಸನ್ನು ಕುದಿಸಿದ ಬಟ್ಟೆಚೀಲದಲ್ಲಿ ಇಳಿಬಿಡಬಹುದು. ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಗುಳಿಗೆ ಉಬ್ಬುತ್ತದೆ, ಬಿಗಿಯಾದರೆ ಒಳಗಿನದು ಒಣಗಿಯೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಚೀಲವೂ ಬೇಡ. ಹಾಗೇ ಹಾಕಿ, ಮೂರು ದಿನವಾದ ಮೇಲೆ ಪಾತ್ರೆಯನ್ನು ಎರಡು ದಿನ ಫ್ರಿಜ್ಜಿನಲ್ಲಿ ಒಂದೆರಡು ಡಿಗ್ರಿಗೆ ಇಳಿಸಿ. ಪುಡಿ ಯೀಸ್ಟಿನೊಂದಿಗೆ ತಳ ಸೇರುತ್ತದೆ. ತಂಪಾಗುವಾಗ ಪಾತ್ರೆ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ, ಅದನ್ನು ತಡೆಯಬೇಕು. ಆಮೇಲೆ ಕೊಳವೆಯನ್ನು ಮೇಲ್ಗಡೆಯಿಂದ ಇಳಿಸಿ ನಿಧಾನಕ್ಕೆ ಬಸಿಯಿರಿ.

ಬಾಟಲಿಗೆ ಪುಡಿ ಹೋಗಬಾರದೆಂಬುದು ಬರೀ ಅಂದದ ಮಾತಲ್ಲ. ಒಂದೊಂದು ಕಣದ ಸುತ್ತಲೂ ಗುಳ್ಳೆ ಏಳುತ್ತದೆ. ಮುಚ್ಚಳ ತೆರೆದರೆ ಬಿಯರ್ ಛಾವಣಿಗೆ ಹಾರುತ್ತದೆ. ಲೋಟದ ತಳದಲ್ಲಿ ಒಂದು ಚಿಟಿಕೆ ಹಸಿರು ಕಂಡರೆ ಮಾತ್ರ ಗಾಬರಿ ಬೇಡ. ಕೊನೆಯ ಗುಟುಕು ಬಿಟ್ಟರಾಯಿತು, ಕಾಫಿ ಲೋಟದಲ್ಲಿ ಬಿಡುತ್ತೇವಲ್ಲ ಹಾಗೆ.