ಕುದುರೆಗೆ ಹೊಟ್ಟೆನೋವು ಬಂದರೆ

ಹಸು-ಎಮ್ಮೆಗಳ ವಿಷಯ ಈ ಪುಟದಲ್ಲಿ ಎಷ್ಟೋ ಸಲ ಬಂದಿದೆ. ಈ ಬಾರಿ ಕುದುರೆಯ ಮಾತು. ನಗಬೇಡಿ ಸೋದರಿಯರೆ! ಮೈಸೂರಿನಲ್ಲಿ ಇವತ್ತಿಗೂ ಟಾಂಗಾ ಓಡಿಸಿ ಸಂಸಾರ ಸಾಗಿಸುವವರಿದ್ದಾರೆ, ನಮ್ಮ ಮನೆಯೂ ಅದರಲ್ಲೊಂದು. ಕುದುರೆ ಮಲಗಿತೆಂದರೆ ಆ ದಿನದ ಸಂಪಾದನೆಯೂ ಮಲಗಿದ ಹಾಗೇ.

ಮೊದಲ ಸಲ ಶೂಲೆ ಬಂದಾಗ ಇದು ಹೊಟ್ಟೆನೋವು ಅಂತ ತಿಳಿಯುವುದೇ ಕಷ್ಟ. ಪಾಪ, ಬಾಯಿಲ್ಲದ ಪ್ರಾಣಿ. ಹುಲ್ಲು ಹಾಕಿದರೆ ಮೂಸಿ ಸುಮ್ಮನಾಗುತ್ತದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ, ಕುತ್ತಿಗೆ ತಿರುಗಿಸಿ ತನ್ನ ಪಕ್ಕೆಯನ್ನೇ ಮತ್ತೆ ಮತ್ತೆ ನೋಡಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ. ಲದ್ದಿ ಕಡಿಮೆಯಾಗಿರುತ್ತದೆ.

ಹೋದ ವರ್ಷ ನಮ್ಮ ಕುದುರೆ ಹೀಗೆ ಮಾಡಿದಾಗ ಯಜಮಾನರು ಮದುವೆಗೆಂದು ಪರವೂರಿಗೆ ಹೋಗಿದ್ದರು. ಅತ್ತೆಯವರು ಆಗಲೇ ಓಮದ ಕಷಾಯಕ್ಕೆ ನೀರಿಟ್ಟಿದ್ದರು. ಪಕ್ಕದ ಮನೆಯವರು ಹರಳೆಣ್ಣೆ ತಂದು, "ಬಾಯಿ ಎತ್ತಿ ಹಿಡೀರಿ, ಹುಯ್ದುಬಿಡೋಣ" ಅಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ಆದರೆ, "ಅತ್ತೇ, ಮಗುವಿಗಾದರೆ ಕೊಡೋಣ, ಇದಕ್ಕೆ ಬೇಡಿ" ಅಂತ ತಡೆದೆ. ಅವರಿಗೆ ಸ್ವಲ್ಪ ಬೇಸರವೂ ಆಯಿತು ಅನ್ನಿ.

ಯಾಕೆ ಬೇಡ ಗೊತ್ತೇ? ಕುದುರೆಗೆ ನಮ್ಮ ಹಾಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಯಲ್ಲಿ ತುಂಬಿಕೊಂಡದ್ದು ಮೇಲೆ ಬರಲಾರದು. ಅದರ ಮೇಲೆ ಇನ್ನಷ್ಟು ತುಂಬಿದರೆ ಅಪಾಯವೇ. ತಲೆ ಎತ್ತಿಸಿ ಬಾಟಲಿಯಿಂದ ಸುರಿದದ್ದು ಶ್ವಾಸಕೋಶಕ್ಕಿಳಿದರಂತೂ ಹೊಟ್ಟೆನೋವಿನಿಂದ ಉಳಿಯಬೇಕಾದ ಪ್ರಾಣಿ ಅದರಿಂದ ಸಾಯಬಹುದು. ಪಶುವೈದ್ಯರೂ ಎಣ್ಣೆ ಕೊಡುತ್ತಾರೆ, ನಿಜ. ಆದರೆ ಮೂಗಿನಿಂದ ಕೊಳವೆ ಇಳಿಸಿ, ಅದು ಹೊಟ್ಟೆಗೇ ಹೋಗಿದೆಯೆಂದು ನೋಡಿಕೊಂಡು ಬಿಡುತ್ತಾರೆ. ನಮ್ಮ ಡಬ್ಬಿಯಲ್ಲಿರುವ ನೋವಿನ ಮಾತ್ರೆಯೂ ಬೇಡ.

ಹಾಗಾದರೆ ಮಾಡುವುದೇನು? ಮೊದಲು ಮುಂದಿರುವ ಹುಲ್ಲು, ಹುರುಳಿ ಎಲ್ಲ ಎತ್ತಿಡಿ. ಕುಡಿಯುವ ನೀರು ಮಾತ್ರ ಇರಲಿ. ಕೂಡಲೇ ಪಶುವೈದ್ಯರಿಗೆ ಹೇಳಿಕಳಿಸಿ, 1962ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಅವರು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ದವಡೆಯ ಕೆಳಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಸರಿ. 60 ದಾಟಿದರೆ ಮಾಮೂಲಿ ನೋವಲ್ಲ. ಪಕ್ಕೆಲುಬಿನ ಹಿಂದೆ ಕಿವಿಯಿಟ್ಟು ಕೇಳಿ. ಗುಡುಗುಡು ಅನ್ನುತ್ತಿದ್ದರೆ ಕರುಳು ಕೆಲಸ ಮಾಡುತ್ತಿದೆ, ಏನೂ ಕೇಳದಿದ್ದರೆ ಹೆದರಬೇಕು. ಒಸಡು ತಿಳಿಗುಲಾಬಿಯಾಗಿರಬೇಕು. ಇದನ್ನೆಲ್ಲ ಗಂಟೆ ಸಮೇತ ಮಕ್ಕಳ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ. ಡಾಕ್ಟರು ಕೇಳುವ ಪ್ರಶ್ನೆಗಳೇ ಇವು.

ಹತ್ತು-ಹದಿನೈದು ನಿಮಿಷ ಮೆಲ್ಲಗೆ ನಡೆಸಿದರೆ ಕೆಲವೊಮ್ಮೆ ವಾಯು ಸರಿದು ಹಗುರವಾಗುತ್ತದೆ. ರಾತ್ರಿಯಿಡೀ ಎಳೆದಾಡಿ ಸುಸ್ತು ಮಾಡುವುದು ತಪ್ಪು. ಸುಮ್ಮನೆ ಮಲಗಿದ್ದರೆ ಮಲಗಲಿ ಬಿಡಿ. ಆದರೆ ನೋವಿಗೆ ಹೊರಳಾಡಿ ಕಾಲು ಝಾಡಿಸುತ್ತಿದ್ದರೆ ನೀವು ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ.

ನಮ್ಮದಕ್ಕೆ ಡಾಕ್ಟರು ಬಂದು ಒಂದು ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು. ಬೆಳಗಿನ ಜಾವ ಲದ್ದಿ ಹಾಕಿತು. ಲದ್ದಿ ಕಂಡು ಅಷ್ಟು ಸಂತೋಷಪಟ್ಟದ್ದು ನಾನೊಬ್ಬಳೇ ಇರಬೇಕು!

ಕಾರಣ ಹುಡುಕಿದರೆ ಹೆಚ್ಚಾಗಿ ಮೇವಿನಲ್ಲೇ ಸಿಗುತ್ತದೆ. ಹಬ್ಬದ ದಿನ ಪ್ರೀತಿಯಿಂದ ಎರಡು ಪಾವು ಹುರುಳಿ ಜಾಸ್ತಿ, ಇದ್ದಕ್ಕಿದ್ದಂತೆ ಬೇರೆ ಹುಲ್ಲು, ಮಣ್ಣು ಮೆತ್ತಿದ ಮೇವು, ಇಂಥವೇ. ನೀರೂ ಅಷ್ಟೇ. ಕುದುರೆ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ಬಕೆಟ್ ಇಟ್ಟು ಮರೆತರೆ ಸಾಲದು. ಜಂತುವಿನ ಔಷಧಿ, ಹಲ್ಲಿನ ಪರೀಕ್ಷೆಯನ್ನೂ ಡಾಕ್ಟರನ್ನು ಕೇಳಿ ಮಾಡಿಸಿ. ಸವೆದು ಚೂಪಾದ ಹಲ್ಲಿನಿಂದ ಮೇವು ನುಣ್ಣಗಾಗದೆ ಇಳಿದರೂ ಇದೇ ಕಷ್ಟ.

ನೋವು ಹೋಯಿತೆಂದು ಕೂಡಲೇ ಹೊಟ್ಟೆ ತುಂಬ ಹಾಕಬೇಡಿ. ಡಾಕ್ಟರು ಸರಿ ಅಂದ ಮೇಲೆ ಒಂದೊಂದೇ ಹಿಡಿ ಹುಲ್ಲು, ಎರಡು-ಮೂರು ಗಂಟೆಗೊಮ್ಮೆ. ಹುರುಳಿ ಒಂದೆರಡು ದಿನ ಕಾಯಲಿ, ಟಾಂಗಾವೂ ಅಷ್ಟೇ.