ಹೊಗೆನಕಲ್ಲಿನ ನಡುಗಡ್ಡೆಯೂ ಗಡಿನಾಡಿನ ಕನ್ನಡಿಗರೂ

ಹೊಗೆನಕಲ್ಲಿನ ನಡುಗಡ್ಡೆ ಯಾರ ಸೊತ್ತೆಂಬ ಪ್ರಶ್ನೆಗೆ ಬೆಂಗಳೂರಿನಲ್ಲಿಯೂ ಚೆನ್ನೈಯಲ್ಲಿಯೂ ಉತ್ತರ ಬಲ್ಲವರು ಬಹುಮಂದಿ ಇದ್ದಾರೆ. ಆ ಉತ್ತರದ ಬೆಲೆಯನ್ನು ತೆರಬೇಕಾದವರು ಮಾತ್ರ ಹೊಸೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿಗಳಲ್ಲಿ ಬಾಳುವ ನಾವು.

೨೦೦೮ರ ಫೆಬ್ರವರಿಯಲ್ಲಿ ಶ್ರೀ ಕರುಣಾನಿಧಿಯವರು ಹೊಗೆನಕಲ್ ಕುಡಿಯುವ ನೀರಿನ ಯೋಜನೆಗೆ ಅಡಿಗಲ್ಲಿಟ್ಟರು. ಮಾರ್ಚಿನಲ್ಲಿ ಶ್ರೀ ಯಡಿಯೂರಪ್ಪನವರು ಅಲ್ಲಿಗೆ ಬಂದು, ಈ ನೆಲ ಕರ್ನಾಟಕದ್ದೆಂದು ಸಾರಿದರು. ಕರ್ನಾಟಕದಲ್ಲಿ ಚುನಾವಣೆ ಸಮೀಪಿಸಿತ್ತೆಂಬುದನ್ನು ವಾಚಕರು ಮರೆಯಲಾಗದು. ಬಸ್ಸುಗಳು ನಿಂತವು, ಚಿತ್ರಮಂದಿರಗಳು ಮುಚ್ಚಿದವು, ಎರಡು ಕಡೆಯ ಚಿತ್ರನಟರೂ ವೇದಿಕೆಯೇರಿದರು. ಏಪ್ರಿಲಿನಲ್ಲಿ ಯೋಜನೆಯನ್ನು ಮುಂದೂಡಲಾಯಿತು. ೨೦೧೩ರಲ್ಲಿ ಅದರ ಉದ್ಘಾಟನೆಯೂ ನಡೆಯಿತು. ಅಷ್ಟೆಲ್ಲ ಗದ್ದಲದಿಂದ ಗಡಿಯ ಒಂದು ಕಲ್ಲಾದರೂ ಸ್ಥಿರವಾಯಿತೆ?

ಕುಡಿಯುವ ನೀರಿನ ವಿಷಯದಲ್ಲಿ ಎರಡು ರಾಜ್ಯಗಳೂ ೧೯೯೮ರಲ್ಲಿಯೇ ಕೇಂದ್ರದ ಸಮಕ್ಷಮದಲ್ಲಿ ಒಪ್ಪಿದ್ದವು: ಬೆಂಗಳೂರಿನ ಯೋಜನೆಗೆ ತಮಿಳುನಾಡು ಅಡ್ಡಿಯಾಗದು, ಹೊಗೆನಕಲ್ಲಿನ ೧.೪ ಟಿ.ಎಂ.ಸಿ. ನೀರಿಗೆ ಕರ್ನಾಟಕ ಅಡ್ಡಿಯಾಗದು. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡು ಹಲ್ಲನ್ನು ಕೆಡಿಸುತ್ತದೆ, ಮೂಳೆಯನ್ನು ಬಾಗಿಸುತ್ತದೆ. ಅದಕ್ಕೆ ಕನ್ನಡದ ಹಲ್ಲು, ತಮಿಳಿನ ಹಲ್ಲು ಎಂಬ ಭೇದವಿಲ್ಲ. ಈ ನೀರನ್ನು ತಡೆಯುವುದು ಕನ್ನಡದ ಸೇವೆಯೆಂದು ಹೇಳುವವರು ಇಲ್ಲಿಯ ಕನ್ನಡಿಗರನ್ನು ಕೇಳಿ ಹೇಳಲಿಲ್ಲ.

ಹಾಗಾದರೆ ನೆಲದ ಹಕ್ಕನ್ನು ಬಿಟ್ಟುಕೊಡಬೇಕೆ? ಬೇಡ. ನೀರು ಬೇರೆ, ಗಡಿ ಬೇರೆ. ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೆ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ದಡ ಸೇಲಂ ಜಿಲ್ಲೆಯಲ್ಲಿತ್ತು. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವಣ ಗೆರೆ ಆ ನವೆಂಬರ್ ೧ರಂದು ಎರಡು ರಾಜ್ಯಗಳ ಗೆರೆಯಾಯಿತು. ಆದಕಾರಣ ಇದು ಹಳೆಯ ನಕ್ಷೆ, ಕಂದಾಯದ ದಾಖಲೆ, ಅಳತೆಯ ಸರಪಣಿಗಳಿಂದ ತೀರತಕ್ಕ ವ್ಯಾಜ್ಯವೇ ಹೊರತು ಘೋಷಣೆಗಳಿಂದ ತೀರುವುದಲ್ಲ.

ದ್ವೀಪದ ವ್ಯಾಜ್ಯವನ್ನು ಸಕಾಲದಲ್ಲಿ ತೀರಿಸದಿದ್ದರೆ ಏನಾಗುವುದೆಂಬುದಕ್ಕೆ ಸೈಪ್ರಸ್ ಸಾಕ್ಷಿ. ಇಲ್ಲಿ ಗುಂಡು ಹಾರಿಲ್ಲ, ನಿಜ. ಆದರೂ ಪಾಠ ಪಾಠವೇ. ಅಲ್ಲಿಗೆ ೧೯೬೪ರಲ್ಲಿ ಹೋದ ವಿಶ್ವಸಂಸ್ಥೆಯ ಶಾಂತಿಪಡೆ ಇಂದಿಗೂ ಮರಳಿಲ್ಲ. ಕಾವೇರಿ ಹುಟ್ಟುವ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರು ಆ ಪಡೆಯ ದಂಡನಾಯಕರಾಗಿದ್ದು, ೧೯೬೫ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ೧೯೭೪ರಲ್ಲಿ ದ್ವೀಪ ಇಬ್ಭಾಗವಾಯಿತು. ೨೦೦೪ರ ಸಂಧಾನಸೂತ್ರವನ್ನು ತುರ್ಕರು ಒಪ್ಪಿದರು, ಗ್ರೀಕರು ತಿರಸ್ಕರಿಸಿದರು. ಪಡೆ ಹೊಡೆದಾಟವನ್ನು ತಡೆಯಬಲ್ಲದು, ಮನಸ್ಸನ್ನು ಕೂಡಿಸಲಾರದು. ಜನ ಒಪ್ಪದ ಒಪ್ಪಂದ ನಿಲ್ಲಲಾರದು.

ಆದುದರಿಂದ ನಾವು ಕೇಳುವುದಿಷ್ಟೆ: ಚುನಾವಣೆಯಿಲ್ಲದ ಕಾಲದಲ್ಲಿ, ಕೇಂದ್ರದ ಭೂಮಾಪನ ಇಲಾಖೆಯ ಸಮ್ಮುಖದಲ್ಲಿ, ಎರಡು ರಾಜ್ಯಗಳ ಅಧಿಕಾರಿಗಳೂ ಜತೆಯಾಗಿ ಅಳೆಯಲಿ, ಎರಡು ದಡದ ಜನರನ್ನೂ ಕರೆದು ಕೇಳಲಿ, ಅಳತೆ ಮುಗಿಯುವವರೆಗೆ ಯಾರ ಕೊಡಕ್ಕೂ ಯಾರ ಬಸ್ಸಿಗೂ ಕೈಹಚ್ಚದಿರಲಿ. ಗಡಿಯಾಚೆ ನಿಂತು ನಮ್ಮ ಹೆಸರಿನಲ್ಲಿ ಗುಡುಗುವವರು ನಮ್ಮ ಶಾಲೆಗಳಿಗೆ ಕನ್ನಡದ ಪುಸ್ತಕವನ್ನೂ ಉಪಾಧ್ಯಾಯರನ್ನೂ ಒದಗಿಸಲು ಅದೇ ಕಂಠವನ್ನು ಬಳಸಿದರೆ, ಅವರ ಅಭಿಮಾನವನ್ನು ನಾವು ಸಂತೋಷದಿಂದ ನಂಬುತ್ತೇವೆ.