ಕಾರ್ಪೊರೇಟರ್ ಇಲ್ಲದ ಊರಿಗೆ ಒಗ್ಗಿಹೋಗಬೇಡಿ

ಬೆಂಗಳೂರಿನ ನೆರೆಹೊರೆಯವರೇ,

ನಾವು ಪಾಲಿಕೆ ಚುನಾವಣೆಗೆ ಕಡೆಯ ಸಲ ಮತ ಹಾಕಿದ್ದು 2015ರ ಆಗಸ್ಟ್ 22ರಂದು. ಆಗ ಆರಿಸಿಬಂದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಪಾಲಿಕೆ ನಡೆದದ್ದು ಆಡಳಿತಾಧಿಕಾರಿಗಳ ಕೈಯಲ್ಲಿ. ಆ ಚುನಾವಣೆಯ ಹೊತ್ತಿಗೆ ಮೂರನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಮತದಾರರಾಗುವ ವಯಸ್ಸಿಗೆ ಬಂದಿದ್ದಾರೆ. ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರಿಗೆ ಒಂದು ಹೆಸರೂ ಹೊಳೆಯುವುದಿಲ್ಲ.

ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಆದದ್ದೇ ಬೇರೆ. 198 ವಾರ್ಡುಗಳನ್ನು 243 ಮಾಡಿದರು, ಆಮೇಲೆ 225ಕ್ಕೆ ಇಳಿಸಿದರು. ಒಮ್ಮೆ ಗಡಿಯ ತಕರಾರು, ಇನ್ನೊಮ್ಮೆ ಮೀಸಲಾತಿಯ ತಕರಾರು. 2020ರ ಡಿಸೆಂಬರ್‌ನಲ್ಲಿ ಬೇಗ ಚುನಾವಣೆ ನಡೆಸಿ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟಿನಲ್ಲಿ ಅದಕ್ಕೆ ತಡೆ ಬಂತು. ಇದು ಹೊಸ ಚಾಳಿಯೂ ಅಲ್ಲ. 2006ರ ಕೊನೆಯಿಂದ 2010ರ ಮಾರ್ಚ್‌ವರೆಗೂ ಈ ಊರಿಗೆ ಚುನಾಯಿತ ಪಾಲಿಕೆ ಇರಲಿಲ್ಲ. ವಿಧಾನಸೌಧದಲ್ಲಿ ಯಾವ ಪಕ್ಷ ಕೂತಿದ್ದರೂ ಪಾಲಿಕೆ ಚುನಾವಣೆಗೆ ಆತುರಪಟ್ಟಿದ್ದನ್ನು ನಾವು ಕಂಡಿಲ್ಲ.

ಸರ್ಕಾರಗಳ ತಪ್ಪು ಸರ್ಕಾರಗಳಿಗಿರಲಿ. ನನ್ನ ತಕರಾರು ನಮ್ಮ ಬಗ್ಗೆ. ಇಷ್ಟು ವರ್ಷ ಚುನಾವಣೆ ಮುಂದೆ ಹೋದರೂ ನಾವು ಸುಮ್ಮನಿದ್ದೆವಲ್ಲ, ಅವರಿಗೆ ಧೈರ್ಯ ಬಂದದ್ದೇ ಅಲ್ಲಿಂದ. ಕರೆಂಟು ಎರಡು ಗಂಟೆ ಹೋದರೆ ಬೀದಿಯೆಲ್ಲ ಗೊಣಗುತ್ತದೆ; ಪಾಲಿಕೆಯೇ ಇಲ್ಲದೆ ಐದು ವರ್ಷ ದಾಟಿದರೂ ಬಹಳ ಮನೆಗಳಲ್ಲಿ ಅದು ಮಾತಿಗೂ ಬರಲಿಲ್ಲ.

ಯಾಕೆ ಬರಲಿಲ್ಲ? ಅನುಕೂಲವಿದ್ದವರು ಪಾಲಿಕೆ ಕೊಡಬೇಕಾದ್ದನ್ನು ಕಾಸು ಕೊಟ್ಟು ಕೊಳ್ಳಲು ಕಲಿತೆವು. ಕಾವೇರಿ ನೀರು ಬಾರದಿದ್ದರೆ ಟ್ಯಾಂಕರ್, ಬೀದಿದೀಪ ಉರಿಯದಿದ್ದರೆ ಗೇಟಿಗೊಬ್ಬ ಸೆಕ್ಯೂರಿಟಿ. ಆದರೆ ಕಾಂಪೌಂಡಿನಾಚೆಯ ಮೋರಿಯನ್ನು ಕೊಳ್ಳಲಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ರಾಜಕಾಲುವೆ ಉಕ್ಕಿದಾಗ ಕೋಟಿಗಟ್ಟಲೆ ಬೆಲೆಯ ವಿಲ್ಲಾದವರನ್ನೂ ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ಅನುಕೂಲವಿಲ್ಲದವರ ಪಾಡು ಇನ್ನೂ ಕಷ್ಟದ್ದು. ಕೊಳೆಗೇರಿಯ ಓಣಿಯಲ್ಲಿ ಚರಂಡಿ ಕಟ್ಟಿಕೊಂಡರೆ ಅಲ್ಲಿನವರು ಹೋಗಬೇಕಾದ್ದು ಕಾರ್ಪೊರೇಟರ್ ಮನೆಗೆ. ಈಗ ಆ ಮನೆ ಇದೆ, ಕಾರ್ಪೊರೇಟರ್ ಇಲ್ಲ. ಸಹಾಯವಾಣಿ 1533ಕ್ಕೆ ಫೋನ್ ಮಾಡಿದರೆ ದೂರಿಗೊಂದು ನಂಬರ್ ಕೊಡುತ್ತಾರೆ. ಎಂಜಿನಿಯರ್ ವರ್ಗವಾಗಿ ಹೋದರೆ ಹೊಸಬರಿಗೆ ಮೊದಲಿನಿಂದ ಕತೆ ಹೇಳಬೇಕು. ಶಾಸಕರ ಬಳಿ ಹೋಗೋಣವೆಂದರೆ ಇಡೀ ನಗರಕ್ಕೆ ಇರುವವರು 28 ಜನ. ಕಾನೂನು ಮಾಡಲು ಕಳಿಸಿದವರನ್ನು ಕಸದ ಆಟೋ ಬಂದಿಲ್ಲ ಎಂದು ಹುಡುಕಿಕೊಂಡು ಹೋಗುವುದು ನಮಗೂ ಕಷ್ಟ, ಅವರಿಗೂ ಕಷ್ಟ.

“ಕಾರ್ಪೊರೇಟರ್‌ಗಳೇನು ಸಾಚಾಗಳೇ? ಅವರು ಇಲ್ಲದಿರುವುದೇ ಒಳ್ಳೆಯದು” ಎನ್ನುವವರಿದ್ದಾರೆ. ಈ ಸಿಟ್ಟಿಗೆ ಕಾರಣವಿದೆ. ನಾಲ್ಕು ತಿಂಗಳ ಹಿಂದೆ ಹಾಕಿದ ಡಾಂಬರನ್ನು ಮತ್ತೆ ಅಗೆದು ಹಾಕಿದ ಬಿಲ್ಲುಗಳನ್ನು ಯಾರೂ ಮರೆತಿಲ್ಲ. ಆದರೆ ಕಾರ್ಪೊರೇಟರ್ ಹೋದಮೇಲೆ ಟೆಂಡರ್ ನಿಂತಿತೇ? ವೈಟ್ ಟಾಪಿಂಗ್ ನಡೆದಿದೆ, ಗುತ್ತಿಗೆ ನಡೆದಿದೆ, ಬಜೆಟ್ ಕೂಡ ವರ್ಷ ವರ್ಷ ಬಂದಿದೆ. ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಬಾಯಿಯೊಂದೇ ಇಲ್ಲವಾಗಿದೆ. ಕೆಟ್ಟ ಕಾರ್ಪೊರೇಟರನ್ನು ಐದು ವರ್ಷಕ್ಕಾದರೂ ಮನೆಗೆ ಕಳಿಸಬಹುದು. ಆಡಳಿತಾಧಿಕಾರಿಯನ್ನು ನಾವು ಕರೆಸಿಕೊಂಡವರೂ ಅಲ್ಲ, ಕಳಿಸಬಲ್ಲವರೂ ಅಲ್ಲ. ಇನ್ನೊಂದು ಮಾತು: 2015ರ ಚುನಾವಣೆಯಲ್ಲಿ ಅರ್ಧದಷ್ಟು ಸೀಟುಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪಾಲಿಕೆ ಇಲ್ಲವೆಂದರೆ ಅಂಥ ನೂರು ಹೆಣ್ಣುಮಕ್ಕಳ ಕುರ್ಚಿಯೂ ಇಲ್ಲವೆಂದೇ ಅರ್ಥ.

ಈಗ ಊರಿನ ನಕ್ಷೆಯೇ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯಾದ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾದವು. ಐದರಲ್ಲೂ ಸೇರಿ 369 ವಾರ್ಡುಗಳು. ಅವುಗಳ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಪ್ರಾಧಿಕಾರವಿದೆ. ಊರನ್ನು ಹೀಗೆ ಒಡೆದದ್ದು ಸರಿಯೋ ತಪ್ಪೋ ಎಂಬ ವಾದ ನಡೆಯುತ್ತಲೇ ಇರಲಿ. ವಾರ್ಡು ಚಿಕ್ಕದಾದರೆ ಸದಸ್ಯರ ಮನೆ ಹತ್ತಿರವಾಗುತ್ತದೆ, ಕೆಲಸ ಕೇಳುವುದು ಸುಲಭವಾಗುತ್ತದೆ ಎಂಬುದಂತೂ ನಿಜ. ಮೇಲಿನ ಪ್ರಾಧಿಕಾರ ಎಷ್ಟು ಬಲವಾಗಿದೆಯೋ ಅಷ್ಟೇ ಬಲವಾಗಿ ಕೆಳಗಿನ ವಾರ್ಡೂ ಮಾತಾಡಬೇಕು. ಬಾಯಿಲ್ಲದ ವಾರ್ಡಿಗೆ ಸುರಂಗ ರಸ್ತೆಯ ಸುದ್ದಿ ಕೇಳಿಸುತ್ತದೆಯೇ ಹೊರತು ಫುಟ್‌ಪಾತಿನ ಕಲ್ಲು ಬರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು.

ಮೊದಲು, ನಿಮ್ಮ ಮನೆ ಈಗ ಯಾವ ಪಾಲಿಕೆಯ ಯಾವ ವಾರ್ಡಿಗೆ ಸೇರಿದೆ ಎಂದು ನೋಡಿಕೊಳ್ಳಿ. ಹಳೆಯ ವಾರ್ಡಿನ ಹೆಸರು ನಂಬಿ ಕೂತರೆ ಮತಗಟ್ಟೆಯಲ್ಲಿ ಅಲೆಯಬೇಕಾಗುತ್ತದೆ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ವಿಂಗಡಿಸಿ ಪಾಲಿಕೆ ಚುನಾವಣೆಗೆ ಬಳಸುತ್ತಾರೆ. ಹೆಸರಿಲ್ಲದವರು ನಮೂನೆ 6, ಮನೆ ಬದಲಾಯಿಸಿದವರು ನಮೂನೆ 8 ತುಂಬಿ ಕೊಡಿ. ಬಾಡಿಗೆ ಮನೆಯಲ್ಲಿದ್ದೇನೆ ಎಂದು ಹಿಂಜರಿಯಬೇಡಿ. ಆ ಬೀದಿಯ ಗುಂಡಿಗೆ ಓನರ್ ಯಾರು, ಬಾಡಿಗೆಯವರು ಯಾರು ಎಂಬ ಭೇದ ಗೊತ್ತಿಲ್ಲ.

ಎರಡನೆಯದು, ಮತ ಕೇಳಲು ಬಂದವರ ಹತ್ತಿರ ನಿಮ್ಮ ಮನೆಯ ಕೆಲಸ ಕೇಳಬೇಡಿ, ವಾರ್ಡಿನ ಲೆಕ್ಕ ಕೇಳಿ. ವಾರ್ಡ್ ಸಮಿತಿಯನ್ನು ಪ್ರತಿ ತಿಂಗಳು ಕರೆಯುತ್ತೀರಾ? ಯಾವ ರಸ್ತೆಗೆ ಎಷ್ಟು ಹಣ, ಗುತ್ತಿಗೆದಾರರು ಯಾರು, ಕೆಲಸ ಮುಗಿಯುವುದು ಯಾವಾಗ ಎಂಬ ಕಾಮಗಾರಿ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುತ್ತೀರಾ? ಹೌದೆಂದರೆ ಸಹಿ ಹಾಕಿ ಕೊಡಲಿ. ಸೀರೆ, ಕುಕ್ಕರ್ ಕೊಡಲು ಬಂದವರು ಆ ದುಡ್ಡನ್ನು ಎಲ್ಲಿಂದ ವಾಪಸು ಪಡೆಯುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ.

ಮೂರನೆಯದು, ಮತದಾನಕ್ಕೆ ರಜೆ ಸಿಕ್ಕಿತೆಂದು ಊರು ಬಿಡಬೇಡಿ. 2015ರಲ್ಲಿ ಮತ ಹಾಕಿದವರು ಅರ್ಧದಷ್ಟೂ ಇರಲಿಲ್ಲ. ಕೆಲವೇ ನೂರು ಮತಗಳ ಅಂತರದಲ್ಲಿ ಸೋಲು ಗೆಲುವು ನಿರ್ಧಾರವಾಗಬಹುದಾದ ಚುನಾವಣೆ ಇದು. ಒಂದೇ ಅಪಾರ್ಟ್‌ಮೆಂಟ್, ಎರಡೇ ಅಡ್ಡರಸ್ತೆ ಮನಸ್ಸು ಮಾಡಿದರೆ ಫಲಿತಾಂಶ ಬದಲಾದೀತು.

ಕೊನೆಯದು, ಮತ್ತು ಕಷ್ಟದ್ದು: ಗೆದ್ದವರಿಗೆ ಹಾರ ಹಾಕಿ ಮನೆಗೆ ಬರಬೇಡಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳಿದೆ. ಆದರೂ ಬೆಂಗಳೂರಿನಲ್ಲಿ ಆ ಸಮಿತಿಗಳು ಕೂತು ಮಾತಾಡುವಂತಾಗಲು ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಸಭೆ ಕರೆದ ದಿನ ಬೀದಿಗೆ ಇಬ್ಬರಾದರೂ ಹೋಗಿ. ಅಪಾರ್ಟ್‌ಮೆಂಟಿನವರು ಹೋಗುವಾಗ ಪಕ್ಕದ ಕಾಲೊನಿಯವರನ್ನು, ತಳ್ಳುಗಾಡಿಯವರನ್ನು, ಬೆಳಗಿನ ಜಾವ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಜೊತೆಗೆ ಕರೆದುಕೊಳ್ಳಿ. ವಾರ್ಡಿನ ಕಷ್ಟ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಚುನಾವಣೆ ಬಂದೊಡನೆ ಮೋರಿಗಳು ತಾವಾಗಿ ಸರಿಹೋಗುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಮೋರಿ ಯಾಕೆ ಸರಿಹೋಗಲಿಲ್ಲ ಎಂದು ಕೇಳಲು ಒಂದು ಬಾಗಿಲು, ಉತ್ತರ ಕೊಡಲೇಬೇಕಾದ ಒಬ್ಬ ಮನುಷ್ಯ ನಮಗೆ ಸಿಗುತ್ತಾರೆ. ತೆರಿಗೆ ಕಟ್ಟುವ ಊರಿನಲ್ಲಿ ಅಷ್ಟನ್ನು ಬಿಟ್ಟುಕೊಡಬೇಡಿ.